ಮೊಟ್ಟೆ ಹಾಕಿ, ಮೊಸರು ಹಾಕಿ, ಆ ಕ್ಯಾಲ್ಸಿಯಂ ಬಾಟ್ಲಿ ಮಾತ್ರ ಎತ್ತಿಡಿ

ಪ್ರಶ್ನೆ: ನಮಸ್ತೆ ಡಾಕ್ಟ್ರೇ, ನಮ್ದು ಚಿಕ್ಕಬಳ್ಳಾಪುರದ ಹತ್ರ ಹಳ್ಳಿ, ಸ್ವಲ್ಪ ದ್ರಾಕ್ಷಿ ತೋಟ, ಎರಡು ಸೀಮೆ ಹಸು ಇದೆ. 4 ತಿಂಗಳ ಜರ್ಮನ್ ಶೆಫರ್ಡ್ ಗಂಡು ಮರಿ ಸಾಕಿದೀವಿ, ತೂಕ 16 ಕೆಜಿ. ದೊಡ್ಡ ತಳಿ ಮರಿಗಳಿಗೆ ಅಂತ ಬರೋ ಡ್ರೈ ಫುಡ್ ಮೂರು ಹೊತ್ತು ಹಾಕ್ತೀವಿ. ಅದೊಂದೇ ಸಾಲಲ್ಲ ಅಂತ ಅಮ್ಮ ರಾಗಿ ಮುದ್ದೆ, ಹಾಲು ಕೊಡ್ತಾರೆ. ಒಂದು ಕಿವಿ ಇನ್ನೂ ನಿಂತಿಲ್ಲ, ಪೆಟ್ ಶಾಪಲ್ಲಿ ಕೇಳಿದ್ರೆ ಕ್ಯಾಲ್ಸಿಯಂ ಸಿರಪ್ ಕೊಟ್ರು. ಮೊಟ್ಟೆ, ಚಿಕನ್, ತರಕಾರಿ ಏನೇನು ಸೇರಿಸಬಹುದು, ಎಷ್ಟು ಸೇರಿಸಬಹುದು ಸ್ವಲ್ಪ ವಿವರವಾಗಿ ಹೇಳಿ.

ಉತ್ತರ: ಮನೆ ಊಟ ಸೇರಿಸಬಹುದು, ಧಾರಾಳವಾಗಿ ಸೇರಿಸಿ ಅನ್ನಲ್ಲ, ಅಳತೆಯಲ್ಲಿ ಸೇರಿಸಿ. ಸೇರಿಸಿದಷ್ಟನ್ನ ಡ್ರೈ ಫುಡ್ಡಿಂದ ಕಮ್ಮಿ ಮಾಡ್ಬೇಕು, ಅದು ಒಂದು. ಇನ್ನೊಂದು, ಕ್ಯಾಲ್ಸಿಯಂ ಅಂತ ಹೆಸರಿರೋ ಯಾವ ಸಿರಪ್ಪು ಪುಡಿ ಮಾತ್ರೆಯನ್ನೂ ಇದರ ಮೇಲೆ ಹಾಕ್ಬಾರ್ದು. ನೀವು ಕೇಳಿದ್ದು ಮೊಟ್ಟೆ ಚಿಕನ್ ಬಗ್ಗೆ, ನಾನು ಕ್ಯಾಲ್ಸಿಯಂನಿಂದ ಶುರು ಮಾಡ್ತಿದೀನಿ ಯಾಕಂದ್ರೆ ದೊಡ್ಡ ತಳಿ ಮರಿ ಹಾಳಾಗೋದು ಮೊಟ್ಟೆಯಿಂದ ಅಲ್ಲ, ಆ ಬಾಟ್ಲಿಯಿಂದ.

ಮೊದಲು ಕಿವಿ ವಿಷಯ ಮುಗಿಸಿಬಿಡೋಣ. ಕಿವಿ ನಿಲ್ಲೋದು ಮೂಳೆಯಿಂದ ಅಲ್ಲ ಕಣ್ರೀ, ಅದು ಕಾರ್ಟಿಲೇಜು, ಮೆದು ಎಲುಬು ಅಂತೀವಲ್ಲ ಅದು. ಅದು ಗಟ್ಟಿಯಾಗೋಕೆ ಟೈಮ್ ಬೇಕು, ವಂಶದಲ್ಲೂ ಇರ್ಬೇಕು. ಶೆಫರ್ಡ್ ಮರಿಗೆ ಸಾಮಾನ್ಯವಾಗಿ 4ರಿಂದ 6 ತಿಂಗಳೊಳಗೆ ಕಿವಿ ನಿಲ್ಲುತ್ತೆ, ಅದೇ ಟೈಮಲ್ಲಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರ್ತಿರುತ್ತೆ, ಆಗ ನಿಂತಿದ್ದ ಕಿವಿನೂ ಒಂದೆರಡು ವಾರ ಜೋತು ಬೀಳೋದುಂಟು, ಒಂದು ನಿಂತು ಒಂದು ಬಿದ್ದಿರೋದಂತೂ ತೀರಾ ಮಾಮೂಲು. ಈ ಗ್ಯಾಪಲ್ಲಿ ಸಿರಪ್ ಕುಡಿಸಿರ್ತೀರ, ಕಿವಿ ತಾನಾಗೇ ನಿಂತಿರುತ್ತೆ, ಹೆಸರು ಮಾತ್ರ ಸಿರಪ್ಪಿಗೆ ಹೋಗುತ್ತೆ. ಕಿವಿನ ಮಕ್ಕಳು ಹಿಡಿದು ಎಳೆಯದ ಹಾಗೆ ನೋಡ್ಕೊಳ್ಳಿ, ಒಳಗೆ ಕೀವು ವಾಸನೆ ಇದ್ರೆ ತೋರಿಸಿ, ಅಷ್ಟು ಸಾಕು.

ಈಗ ಕ್ಯಾಲ್ಸಿಯಂ ಯಾಕೆ ಬೇಡ ಅಂತ. ಬೆಳೆದ ನಾಯಿಗೆ ಕರುಳಲ್ಲಿ ಒಂದು ಕಂಟ್ರೋಲ್ ಇರುತ್ತೆ, ಜಾಸ್ತಿ ಕ್ಯಾಲ್ಸಿಯಂ ತಿಂದ್ರೆ ಕಮ್ಮಿ ಹೀರ್ಕೊಂಡು ಉಳಿದಿದ್ದನ್ನ ಹೊರಗೆ ಹಾಕುತ್ತೆ. ಸುಮಾರು 6 ತಿಂಗಳೊಳಗಿನ ಮರಿಗೆ ಆ ಕಂಟ್ರೋಲ್ ಇನ್ನೂ ಸರಿಯಾಗಿ ಬಂದಿರಲ್ಲ, ಕೊಟ್ಟಷ್ಟರಲ್ಲಿ ದೊಡ್ಡ ಪಾಲು ಬೇಕೋ ಬೇಡ್ವೋ ರಕ್ತಕ್ಕೆ ಹೋಗುತ್ತೆ. ಆಗ ಮೂಳೆ ಬೆಳೆಯೋ ಕ್ರಮನೇ ಏರುಪೇರು ಆಗುತ್ತೆ, ಮೆದು ಎಲುಬು ಮೂಳೆಯಾಗಿ ಬದಲಾಗೋದು ಅಲ್ಲಲ್ಲೇ ನಿಂತುಹೋಗುತ್ತೆ, ಕೀಲಿನ ಒಳಗೆ ಚೂರು ಎದ್ದು ಬರುತ್ತೆ, ಮುಂಗಾಲು ಬಿಲ್ಲಿನ ಥರ ಬಾಗೋದೂ ಉಂಟು. ಇದು ಬಾಯಿಮಾತಲ್ಲ, ನೆದರ್ಲೆಂಡ್ಸ್‌ನ ಉಟ್ರೆಕ್ಟ್ ಯೂನಿವರ್ಸಿಟಿಯಲ್ಲಿ 1980ರ ದಶಕದಲ್ಲೇ ಗ್ರೇಟ್ ಡೇನ್ ಮರಿಗಳಿಗೆ ಬೇರೆ ಬೇರೆ ಪ್ರಮಾಣದ ಕ್ಯಾಲ್ಸಿಯಂ ಕೊಟ್ಟು ನೋಡಿದಾರೆ, ಊಟದಲ್ಲಿ 1.1 ಪರ್ಸೆಂಟ್ ಇದ್ದವು ಚೆನ್ನಾಗಿದ್ವು, 3.3 ಪರ್ಸೆಂಟ್ ತಿಂದವಕ್ಕೆ ಮೂಳೆ ತೊಂದರೆ ಬಂತು. ಇವತ್ತು ಅಮೆರಿಕದ ಪ್ರಾಣಿ ಆಹಾರದ ನಿಯಮದಲ್ಲಿ ದೊಡ್ಡದಾದ ಮೇಲೆ 32 ಕೆಜಿ ಮೀರೋ ತಳಿ ಮರಿಗಳ ಫುಡ್ಡಿಗೆ ಅಂತ್ಲೇ ಬೇರೆ ಮಿತಿ ಇಟ್ಟಿದಾರೆ, ನೀರಿನಂಶ ಬಿಟ್ಟು ಲೆಕ್ಕ ಹಾಕಿದ್ರೆ 1.2ರಿಂದ 1.8 ಪರ್ಸೆಂಟ್ ಒಳಗೇ ಇರ್ಬೇಕು.

ನಿಮ್ಮ ಮರಿಗೇ ಲೆಕ್ಕ ಹಾಕೋಣ. 16 ಕೆಜಿ ಮರಿ ಸುಮ್ನೆ ಮಲಗಿದ್ರೂ ದಿನಕ್ಕೆ 560 ಕ್ಯಾಲೊರಿ ಬೇಕು, 4 ತಿಂಗಳಾದ ಮೇಲೆ ಬೆಳೆಯೋ ಮರಿಗೆ ಅದರ ಎರಡರಷ್ಟು ಅಂತ ಹಿಡಿತೀವಿ, ಅಲ್ಲಿಗೆ 1120. ನಿಮ್ಮ ಫುಡ್ಡು ಕೆಜಿಗೆ 3700 ಕ್ಯಾಲೊರಿ ಅಂತಿದ್ರೆ (ಪ್ಯಾಕೆಟ್ ಹಿಂದೆ ಬರೆದಿರುತ್ತೆ ನೋಡ್ಕೊಳ್ಳಿ) ದಿನಕ್ಕೆ 300 ಗ್ರಾಂ ಆಯ್ತು. ಅದರಲ್ಲಿ ಕ್ಯಾಲ್ಸಿಯಂ 1.2 ಪರ್ಸೆಂಟ್ ಇದ್ರೆ 3.6 ಗ್ರಾಂ ಒಳಗೆ ಹೋಯ್ತು. ಈ ಮರಿಗೆ ದಿನಕ್ಕೆ ಬೇಕಾಗಿರೋದು ಕನಿಷ್ಠ 3.4 ಗ್ರಾಂ, ಮೇಲಿನ ಮಿತಿ 5 ಗ್ರಾಂ. ಅಂದ್ರೆ ಬೇಕಾದ್ದು ಆಗ್ಲೇ ಸಿಕ್ಕಿದೆ, ಮೇಲೆ ಜಾಗ ಇರೋದು ಒಂದೂವರೆ ಗ್ರಾಂಗಿಂತ ಕಮ್ಮಿ. ಒಂದು ಮೊಟ್ಟೆ ಸಿಪ್ಪೆಯಲ್ಲೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತೆ. ಯೂಟ್ಯೂಬ್ ನೋಡಿ ಸಿಪ್ಪೆ ಪುಡಿ ಮಾಡಿ ದಿನಾ ಉದುರಿಸೋರು ಇದನ್ನ ಒಂದ್ಸಲ ಓದ್ಕೊಳ್ಳಿ.

ನಮ್ಮ ಕಡೆ ಇನ್ನೊಂದು ಇದೆ, ಎಲ್ರ ಮನೆಲೂ ಹಸು ಇರೋದ್ರಿಂದ ಕರು ಹಾಕಿದ ಹಸುಗೆ ಅಂತ ತಂದ ಕ್ಯಾಲ್ಸಿಯಂ ಕ್ಯಾನು ಕೊಟ್ಟಿಗೆಲೇ ಇರುತ್ತೆ, ಅದರಿಂದ ಒಂದು ಮುಚ್ಚಳ ಮರಿಗೂ ಹಾಕೋದು. ಅದು 400 ಕೆಜಿ ಪ್ರಾಣಿಗೆ, ದಿನಕ್ಕೆ ಹತ್ತಿಪ್ಪತ್ತು ಲೀಟರ್ ಹಾಲು ಕೊಡೋ ಪ್ರಾಣಿಗೆ ಮಾಡಿರೋದು. ದಯವಿಟ್ಟು ಬೇಡ. ಮನುಷ್ಯರ ವಿಟಮಿನ್ ಡಿ ಸ್ಯಾಚೆಟ್ಟಂತೂ ಕೈಗೆ ಸಿಗದ ಜಾಗದಲ್ಲಿಡಿ, ವಾರಕ್ಕೊಂದು ಅಂತ ಡಾಕ್ಟ್ರು ಬರೀತಾರಲ್ಲ, ಅದರಲ್ಲಿ 60,000 ಯೂನಿಟ್ ಇರುತ್ತೆ, 10 ಕೆಜಿ ಮರಿ ಅದನ್ನ ನೆಕ್ಕಿದ್ರೆ ಕೆಜಿಗೆ 6000 ಯೂನಿಟ್ ಆಯ್ತು, ಕೆಜಿಗೆ 4000 ದಾಟಿದ್ರೇ ವಾಂತಿ, ಸುಸ್ತು ಶುರುವಾಗಬಹುದು, ಇನ್ನೂ ಜಾಸ್ತಿ ಆದ್ರೆ ಕಿಡ್ನಿಗೇ ತೊಂದರೆ. ಹಾಗಂತ ಎಳೆಬಿಸಿಲಿಗೆ ಬಿಟ್ರೆ ವಿಟಮಿನ್ ಡಿ ಬರುತ್ತೆ ಅನ್ನೋದೂ ನಾಯಿ ವಿಷಯದಲ್ಲಿ ನಡೆಯಲ್ಲ, ನಮ್ಮ ಹಾಗೆ ಅವು ಚರ್ಮದಲ್ಲಿ ಸಾಕಷ್ಟು ಮಾಡ್ಕೊಳ್ಳಲ್ಲ, ಊಟದಿಂದಲೇ ಬರ್ಬೇಕು, ಒಳ್ಳೆ ಪಪ್ಪಿ ಫುಡ್ಡಲ್ಲಿ ಅದನ್ನ ಹಾಕಿರ್ತಾರೆ. ಬಿಸಿಲು ಕಾಯ್ಲಿ ಬಿಡಿ, ಅದಕ್ಕೆ ಇಷ್ಟ.

ಇನ್ನು ಅಮ್ಮನ ರಾಗಿ ಮುದ್ದೆ. ಇಲ್ಲಿ ನಾನು ಹುಷಾರಾಗಿ ಮಾತಾಡ್ಬೇಕು, ನಮ್ಮ ಕಡೆ ರಾಗಿ ಬಗ್ಗೆ ಕೆಟ್ಟದಾಗಿ ಹೇಳಿ ಯಾರೂ ಬದುಕಿಲ್ಲ. ರಾಗಿ ಕೆಟ್ಟದ್ದಲ್ಲ. 100 ಗ್ರಾಂ ಹಿಟ್ಟಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಪಕ್ಕಕ್ಕೂ ಬರಲ್ಲ. ಆದ್ರೆ ಅದೇ 100 ಗ್ರಾಂಗೆ ಕ್ಯಾಲೊರಿ 330. ಅಂದ್ರೆ ಬರೀ ರಾಗಿಲೇ 1000 ಕ್ಯಾಲೊರಿ ತುಂಬಿಸಿದ್ರೆ ಸಿಗೋ ಕ್ಯಾಲ್ಸಿಯಂ ಒಂದು ಗ್ರಾಂ ಚಿಲ್ಲರೆ, ಅಷ್ಟು ಕ್ಯಾಲೊರಿಗೆ ಮರಿಗೆ ಬೇಕಿರೋದು 3 ಗ್ರಾಂ. ಅದರಲ್ಲೂ ಕಾಳಿನ ಒಳಗಿರೋ ಫೈಟಿಕ್ ಆಸಿಡ್ ಒಂದಷ್ಟನ್ನ ಕಟ್ಟಿ ಹಾಕ್ಕೊಂಡಿರುತ್ತೆ, ದೇಹಕ್ಕೆ ಬಿಡಲ್ಲ. ಪ್ರೋಟೀನು 7 ಪರ್ಸೆಂಟ್ ಆಸುಪಾಸು, ಪಪ್ಪಿ ಫುಡ್ಡಲ್ಲಿ 25ರ ಮೇಲಿರುತ್ತೆ. ಹಾಗಾಗಿ ರಾಗಿ ಜಾಸ್ತಿ ಕೊಟ್ರೆ ಕ್ಯಾಲ್ಸಿಯಂ ಜಾಸ್ತಿಯಾಗುತ್ತೆ ಅನ್ನೋ ಭಯನೂ ಬೇಡ, ಮೂಳೆ ಗಟ್ಟಿಯಾಗುತ್ತೆ ಅನ್ನೋ ನಂಬಿಕೆನೂ ಬೇಡ, ಅದು ಹೊಟ್ಟೆ ತುಂಬಿಸಿ ಬೇಕಾದ್ದಕ್ಕೆ ಜಾಗ ಇಲ್ಲದ ಹಾಗೆ ಮಾಡುತ್ತೆ ಅಷ್ಟೆ. ನಾವು ತಿನ್ನೋ ಸೈಜಿನ, 100 ಗ್ರಾಂ ಹಿಟ್ಟಿನ ಒಂದು ಮುದ್ದೆ ಅಂದ್ರೆ ನಿಮ್ಮ ಮರಿಯ ಇಡೀ ದಿನದ ಊಟದಲ್ಲಿ ಸುಮಾರು ಮೂರನೇ ಒಂದು ಭಾಗ. ಅಮ್ಮನ ಮನಸ್ಸಿಗೆ ನೋವಾಗದ ಹಾಗೆ, ನಿಂಬೆಹಣ್ಣು ಗಾತ್ರದ್ದು ಒಂದು, ಚೆನ್ನಾಗಿ ಬೆಂದಿರ್ಬೇಕು, ಉಪ್ಪು ಬೇಡ, ಸಾರು ಬೇಡ, ಮಜ್ಜಿಗೆಯಲ್ಲಿ ಕಿವುಚಿ ಕೊಡ್ಲಿ. ಅದು 40 ಕ್ಯಾಲೊರಿ ಅಷ್ಟೆ. ಗಂಜಿ ಮಾಡಿದ್ರೂ ಹಿಟ್ಟಿನ ಅಳತೆ ಅದೇ.

ಸಾರು ಬೇಡ ಅಂದಿದ್ದು ಖಾರಕ್ಕೆ ಮಾತ್ರ ಅಲ್ಲ. ಈರುಳ್ಳಿ ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ, ಬೇಯಿಸಿದ್ರೂ ಆ ಗುಣ ಹೋಗಲ್ಲ, ದಿನಾ ಸ್ವಲ್ಪ ಸ್ವಲ್ಪ ಹೋದ್ರೂ ಸೇರ್ಕೊಂಡು ತೊಂದರೆ ಕೊಡುತ್ತೆ. ಹುಣಸೆಹಣ್ಣೂ ಬೇಡ, ಅದು ಯಾಕೆ ಅಂತ ದ್ರಾಕ್ಷಿ ಹೇಳುವಾಗ ಹೇಳ್ತೀನಿ.

ಎಷ್ಟು ಸೇರಿಸಬಹುದು ಅನ್ನೋದಕ್ಕೆ ನಾವು ಇಟ್ಕೊಂಡಿರೋ ಅಳತೆ ಹತ್ತು ಪರ್ಸೆಂಟು, ಅಂದ್ರೆ ನಿಮ್ಮ ಮರಿಗೆ ದಿನಕ್ಕೆ 110 ಕ್ಯಾಲೊರಿ, ಟ್ರೈನಿಂಗ್‌ಗೆ ಕೊಡೋ ಬಿಸ್ಕೆಟ್ಟೂ ಇದರ ಒಳಗೇ. ಅಷ್ಟರೊಳಗಿದ್ರೆ ಪ್ಯಾಕೆಟ್ಟಿನ ಬ್ಯಾಲೆನ್ಸ್ ಕೆಡಲ್ಲ. ಒಂದು ಬೇಯಿಸಿದ ಮೊಟ್ಟೆ 70, ಎರಡು ದೊಡ್ಡ ಚಮಚ ಮೊಸರು 25, ಒಂದು ಸಣ್ಣ ಕ್ಯಾರೆಟ್ ಚೂರು 12, ಮುಗೀತು ಕೋಟಾ. ಅವತ್ತು ಡ್ರೈ ಫುಡ್ 300ರ ಬದಲು 270 ಗ್ರಾಂ ಹಾಕಿ. ಮೊಟ್ಟೆ ಕೊಟ್ಟ ದಿನ ಮುದ್ದೆ ಬೇಡ, ಮುದ್ದೆ ಕೊಟ್ಟ ದಿನ ಚಿಕನ್ ಸ್ವಲ್ಪ ಹಾಕಿ ಮೊಟ್ಟೆ ಬಿಡಿ, ಹಿಂಗೆ ಸುತ್ತಿಸ್ತಿರಿ. ಇನ್ನೂರು ಮುನ್ನೂರು ರೂಪಾಯಿಗೆ ಅಡುಗೆಮನೆ ತೂಕದ ಮಷೀನ್ ಸಿಗುತ್ತೆ, ಸಿರಪ್ಪಿಗೆ ಕೊಡೋ ದುಡ್ಡಲ್ಲಿ ಅದನ್ನ ತಗೊಳ್ಳಿ, ಲೋಟದಲ್ಲಿ ಅಳೆದ್ರೆ ಒಬ್ಬೊಬ್ರ ಕೈಗೆ ಒಂದೊಂದು ಲೆಕ್ಕ ಬರುತ್ತೆ.

ಮೊಟ್ಟೆ ಪೂರ್ತಿ ಬೇಯಿಸಿ, ಹಳದಿ ಬಿಳಿ ಎರಡೂ ಕೊಡಿ. ಹಸಿ ಬಿಳಿ ದಿನಾ ಹೋದ್ರೆ ಬಯೋಟಿನ್ ಅನ್ನೋ ವಿಟಮಿನ್ ಹೀರ್ಕೊಳ್ಳೋಕೆ ಬಿಡಲ್ಲ, ಸಾಲ್ಮೊನೆಲ್ಲಾ ಭಯ ಬೇರೆ. ಹಾಲು ಮನೇದೇ ಆದ್ರೂ ಹಸುವಿನ ಹಾಲಿನ ಸಕ್ಕರೆ ಸುಮಾರು ಮರಿಗಳಿಗೆ ಅರಗಲ್ಲ, ತಾಯಿ ಹಾಲು ಬಿಟ್ಟ ಮೇಲೆ ಅದನ್ನ ಅರಗಿಸೋ ಶಕ್ತಿ ಇಳೀತಾ ಹೋಗುತ್ತೆ, ಭೇದಿ ಆಗೋದು ಅದಕ್ಕೆ, ಮೊಸರು ಮಜ್ಜಿಗೆ ವಾಸಿ. ಸಿಹಿಕುಂಬಳ ಸಿಪ್ಪೆ ಬೀಜ ತೆಗೆದು ಬೇಯಿಸಿ ಹಿಸುಕಿ ಹಾಕಿ, 100 ಗ್ರಾಂಗೆ 30 ಕ್ಯಾಲೊರಿನೂ ಇಲ್ಲ, ಹೊಟ್ಟೆ ತುಂಬಿದ ಹಾಗೂ ಆಗುತ್ತೆ, ಕಕ್ಕಸನ್ನೂ ಹದ ಮಾಡುತ್ತೆ, ಊಟ ಸಾಲಲ್ಲ ಅಂತ ತಟ್ಟೆ ನೆಕ್ಕಿ ಮುಖ ನೋಡೋ ಮರಿಗೆ ಇದೇ ಮದ್ದು. ಬೀನ್ಸ್, ಕ್ಯಾರೆಟ್ ಹಾಗೇ. ಹಲ್ಲು ಬರೋ ಈ ಟೈಮಲ್ಲಿ ಫ್ರಿಜ್ಜಲ್ಲಿಟ್ಟ ಉದ್ದ ಕ್ಯಾರೆಟ್ ಕೊಟ್ರೆ ಚಪ್ಪಲಿ ಉಳಿಯುತ್ತೆ, ಪಕ್ಕದಲ್ಲಿ ಕೂತು ನೋಡ್ಕೊಳ್ಳಿ, ದೊಡ್ಡ ತುಂಡು ನುಂಗೋಕೆ ಬಿಡಬೇಡಿ.

ಚಿಕನ್ ಅಂದ್ರೆ ಮೂಳೆ ಇಲ್ಲದ ಮಾಂಸ, ಸ್ಕಿನ್ ತೆಗೆದು ಬರೀ ನೀರಲ್ಲಿ ಬೇಯಿಸಿದ್ದು, 40-50 ಗ್ರಾಂ. ನಮ್ಮ ಊರುಗಳಲ್ಲಿ ಚಿಕನ್ ಅಂಗಡಿಯಿಂದ ನಾಯಿಗೆ ಅಂತ ತಲೆ, ಕಾಲು, ಸ್ಕಿನ್ ಒಂದು ಕವರಲ್ಲಿ ತುಂಬಿಸ್ಕೊಂಡು ಬರ್ತಾರಲ್ಲ, ಬೆಳೆಯೋ ಮರಿಗೆ ಅದು ಎರಡು ಥರ ತಪ್ಪು. ಸ್ಕಿನ್ನಲ್ಲಿ ಬರೀ ಕೊಬ್ಬು. ತಲೆ ಕತ್ತು ಕಾಲಲ್ಲಿ ಮೂಳೆ, ಅಂದ್ರೆ ಮತ್ತೆ ಅದೇ ಲೆಕ್ಕಕ್ಕೆ ಸಿಗದ ಕ್ಯಾಲ್ಸಿಯಂ. ಬೇಯಿಸಿದ್ರೆ ಮೂಳೆ ಸೀಳಿ ಚೂಪಾಗಿ ಗಂಟಲಿಗೋ ಕರುಳಿಗೋ ಚುಚ್ಚುತ್ತೆ, ಬೇಯಿಸದೇ ಕೊಟ್ರೆ ಮಧ್ಯಾಹ್ನದ ತನಕ ಬಿಸಿಲಲ್ಲಿದ್ದ ಕವರಿನ ರೋಗಾಣು ಮರಿಗಷ್ಟೇ ಅಲ್ಲ, ಪಾತ್ರೆ ತೊಳೆಯೋರಿಗೂ ಬರುತ್ತೆ. ಲಿವರ್ ವಾರಕ್ಕೆ ಎರಡು ಸಲ ಹೆಬ್ಬೆರಳು ಗಾತ್ರ, ಜಾಸ್ತಿ ಆದ್ರೆ ವಿಟಮಿನ್ ಎ ಜಾಸ್ತಿ. ಕೆರೆ ಮೀನು ಒಳ್ಳೇದೇ, ಕಟ್ಲಾ ರೋಹು ಯಾವುದಾದ್ರೂ, ಆದ್ರೆ ಮುಳ್ಳು ಪೂರ್ತಿ ಬಿಡಿಸೋ ತಾಳ್ಮೆ ಇದ್ರೆ ಮಾತ್ರ.

ಶಿಡ್ಲಘಟ್ಟ ಕಡೆಯವ್ರು ಒಂದಿಬ್ರು ನೂಲು ಬಿಚ್ಚಿದ ಮೇಲೆ ಉಳಿಯೋ ರೇಷ್ಮೆ ಹುಳ ಕೊಡಬಹುದಾ ಅಂತ ಕೇಳಿದ್ರು, ಇಲ್ಲೇ ಹೇಳಿಬಿಡ್ತೀನಿ. ಪ್ರೋಟೀನ್ ಏನೋ ಬೇಕಾದಷ್ಟಿದೆ, ಎಣ್ಣೆನೂ ಜಾಸ್ತಿ ಇದೆ, ಒಂದು ದಿನ ಬಿಟ್ರೆ ಸಾಕು ಕಮಟು ವಾಸನೆ ಹೊಡೆಯುತ್ತೆ. ಕೋಳಿ ಫೀಡಿಗೆ ಹೋಗ್ಲಿ, ಮರಿಗೆ ಬೇಡ.

ಈಗ ನಿಮ್ಮ ತೋಟ. ಇದು ಎಲ್ಲಕ್ಕಿಂತ ಅರ್ಜೆಂಟು. ದ್ರಾಕ್ಷಿ ನಾಯಿಗೆ ವಿಷ, ಹಣ್ಣಾಗಲಿ ಒಣದ್ರಾಕ್ಷಿಯಾಗಲಿ, ಬೆಂಗಳೂರು ಬ್ಲೂ ಆಗ್ಲಿ ಬೀಜ ಇಲ್ಲದ್ದಾಗ್ಲಿ. ನಾಲ್ಕು ತಿಂದು ಏನೂ ಆಗದ ನಾಯಿ ಇದೆ, ಒಂದು ಹಿಡಿ ತಿಂದು ಎರಡು ಮೂರು ದಿನದಲ್ಲಿ ಕಿಡ್ನಿ ನಿಂತು ಸತ್ತ ನಾಯಿನೂ ಇದೆ, ಇಷ್ಟು ತಿಂದ್ರೆ ಪರವಾಗಿಲ್ಲ ಅನ್ನೋ ಅಳತೆ ಇಲ್ಲ. ಸುಮಾರು ವರ್ಷ ಇದಕ್ಕೆ ಕಾರಣ ಗೊತ್ತಿರಲಿಲ್ಲ, 2021ರಲ್ಲಿ ಅಮೆರಿಕದ ಪ್ರಾಣಿ ವಿಷ ನಿಯಂತ್ರಣ ಕೇಂದ್ರದ ವೈದ್ಯರು ಟಾರ್ಟಾರಿಕ್ ಆಸಿಡ್ ಕಡೆ ಬೊಟ್ಟು ಮಾಡಿದ್ರು. ಆ ಆಸಿಡ್ ದ್ರಾಕ್ಷಿ ಬಿಟ್ರೆ ತುಂಬಾ ಇರೋದು ಹುಣಸೆಹಣ್ಣಲ್ಲಿ, ಹುಣಸೆ ತಿಂದು ಕಿಡ್ನಿ ಹೋದ ನಾಯಿಗಳ ಕೇಸೂ ದಾಖಲಾಗಿವೆ, ಸಾರು ಬೇಡ ಅಂದಿದ್ದು ಅದಕ್ಕೇ. ಕಟಾವಿನ ಟೈಮಲ್ಲಿ ಚಪ್ಪರದ ಕೆಳಗೆ ಉದುರಿ ಬಿದ್ದಿರುತ್ತೆ, ಮರಿ ಆಟ ಆಡ್ತಾ ಒಂದೊಂದೇ ಹೆಕ್ಕಿ ತಿಂದ್ರೆ ನಿಮಗೆ ಗೊತ್ತೂ ಆಗಲ್ಲ, ಅದರ ಮೇಲೆ ಹೊಡೆದ ಔಷಧಿ ಬೇರೆ. ಕಟ್ಟಿ ಹಾಕಿ ಇಲ್ಲಾ ಮನೆ ಹತ್ರ ಬೇಲಿ ಒಳಗೆ ಬಿಡಿ. ತಿಂದಿದ್ದು ಕಣ್ಣಿಗೆ ಬಿದ್ರೆ ವಾಂತಿ ಬರ್ಲಿ ನೋಡೋಣ ಅಂತ ಕಾಯಬೇಡಿ, ಉಪ್ಪುನೀರು ಕುಡಿಸಬೇಡಿ, ತಕ್ಷಣ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ, ಮೊದಲ ಎರಡು ಗಂಟೆಯಲ್ಲಿ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದ್ರೆ ತುಂಬಾ ಅನುಕೂಲ. ಕೋಲಾರ, ಶ್ರೀನಿವಾಸಪುರ ಕಡೆಯವ್ರಿಗೆ ಮಾವಿನ ಕಾಲದಲ್ಲಿ ಇದೇ ಥರ ಒಂದು ತಲೆನೋವು, ಹಣ್ಣಿನ ತಿರುಳು ಒಂದೆರಡು ಹೋಳು ಪರವಾಗಿಲ್ಲ, ವಾಟೆ ನುಂಗಿದ್ರೆ ಕರುಳಲ್ಲಿ ಸಿಕ್ಕಿ ಆಪರೇಷನ್ ಆಗುತ್ತೆ.

ಊಟ ಸರಿ ಹೋಗ್ತಿದ್ಯಾ ಅಂತ ತಿಳ್ಕೊಳ್ಳೋಕೆ ಕೈ ಸಾಕು. ನಿಮ್ಮ ಕೈ ಬೆರಳು ಚಾಚಿ ಬೋರಲು ಇಟ್ಟು ಇನ್ನೊಂದು ಕೈಯಿಂದ ಬೆರಳ ಗಂಟುಗಳ ಮೇಲೆ ಸವರಿ, ಮರಿಯ ಪಕ್ಕೆಲುಬು ಹಾಗೇ ಸಿಗ್ಬೇಕು, ಕಾಣ್ಬಾರ್ದು ಆದ್ರೆ ಒತ್ತದೆ ಕೈಗೆ ತಗುಲ್ಬೇಕು. ಮುಷ್ಟಿ ಹಿಡಿದ ಗಂಟಿನ ಥರ ಎದ್ದಿದ್ರೆ ಸಣ್ಣ ಆಗಿದೆ, ಅಂಗೈ ಥರ ಮೆತ್ತಗಿದ್ರೆ ದಪ್ಪ ಆಗಿದೆ. ಮೇಲಿಂದ ನೋಡಿದ್ರೆ ಸೊಂಟ ಕಾಣ್ಬೇಕು. ನಮ್ಮಲ್ಲಿ ಗುಂಡುಗುಂಡಗಿರೋ ಮರಿ ನೋಡಿದ್ರೆ ಚೆನ್ನಾಗಿ ಸಾಕಿದಾರೆ ಅಂತಾರೆ, ದೊಡ್ಡ ತಳಿಗೆ ಅದೇ ಶತ್ರು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನ ಜೋಡಿ ಮಾಡಿ ಒಂದಕ್ಕೆ ಇನ್ನೊಂದಕ್ಕಿಂತ 25 ಪರ್ಸೆಂಟ್ ಕಮ್ಮಿ ಊಟ ಕೊಟ್ಟು ಸಾಯೋ ತನಕ ನೋಡಿದ ಒಂದು ಅಧ್ಯಯನ ಇದೆ, 2002ರಲ್ಲಿ ಪ್ರಕಟವಾಯ್ತು, ಕಮ್ಮಿ ತಿಂದವು ಹೆಚ್ಚು ಕಮ್ಮಿ 13 ವರ್ಷ ಬದುಕಿದ್ವು, ಹೊಟ್ಟೆ ತುಂಬಾ ತಿಂದವು 11 ವರ್ಷ ಚಿಲ್ಲರೆ, ಸೊಂಟದ ಕೀಲಿನ ತೊಂದರೆನೂ ಕಮ್ಮಿ ತಿಂದವಲ್ಲೇ ಕಮ್ಮಿ. ನಿಧಾನಕ್ಕೆ ಬೆಳೆದ್ರೆ ಮರಿ ಕುಳ್ಳಗಾಗಲ್ಲ, ಎತ್ತರ ವಂಶದಿಂದ ಬರುತ್ತೆ, ತಲುಪೋದು ಒಂದೆರಡು ತಿಂಗಳು ಲೇಟು ಅಷ್ಟೆ.

ಇನ್ನೊಂದು ಗಾಬರಿ ಬೀಳೋ ವಿಷಯ, ಮುಂಗಾಲಿನ ಮಣಿಕಟ್ಟಿನ ಹತ್ರ ಗಂಟು ಕಟ್ಟಿದ ಹಾಗೆ ದಪ್ಪ ಕಾಣುತ್ತೆ ಈ ವಯಸ್ಸಲ್ಲಿ. ಅದು ಮೂಳೆ ಉದ್ದ ಆಗೋ ಜಾಗ, ಶೆಫರ್ಡ್, ರಾಟ್‌ವೀಲರ್, ಡೇನ್ ಎಲ್ಲಕ್ಕೂ ಇರುತ್ತೆ, ನೋವಿಲ್ಲ ಕಾಲು ನೆಟ್ಟಗಿದೆ ಅಂದ್ರೆ ಕ್ಯಾಲ್ಸಿಯಂ ಕಮ್ಮಿ ಅಂತ ಅಲ್ಲ. ನಿಜವಾದ ಕ್ಯಾಲ್ಸಿಯಂ ಕೊರತೆ ನಾನು ನೋಡೋದು ಡ್ರೈ ಫುಡ್ ತಿನ್ನೋ ಮರಿಗಳಲ್ಲಲ್ಲ, ಬರೀ ಅನ್ನ ಚಿಕನ್, ಅನ್ನ ಹಾಲು ತಿಂದು ಬೆಳೆದವಲ್ಲಿ. ಮಾಂಸದಲ್ಲಿ ರಂಜಕ ತುಂಬಾ, ಕ್ಯಾಲ್ಸಿಯಂ ಇಲ್ವೇ ಇಲ್ಲ ಅನ್ನಬೇಕು, ದೇಹ ಮೂಳೆಯಿಂದ್ಲೇ ಕಿತ್ಕೊಂಡು ರಕ್ತಕ್ಕೆ ಹಾಕುತ್ತೆ, ಸೋಫಾದಿಂದ ಇಳಿದ್ರೂ ಕಾಲು ಮುರಿಯುತ್ತೆ. ಅಂಥವ್ರು ಪೂರ್ತಿ ಮನೆ ಊಟನೇ ಹಾಕ್ಬೇಕು ಅಂತಿದ್ರೆ ಡಾಕ್ಟ್ರು ತೂಕ ನೋಡಿ ಗ್ರಾಂ ಲೆಕ್ಕದಲ್ಲಿ ಕ್ಯಾಲ್ಸಿಯಂ ಬರೆದುಕೊಡ್ತಾರೆ, ಅದು ಬೇರೆ ಕೇಸು, ನಿಮ್ದಲ್ಲ.

ಕೊನೆಗೆ, 5 ತಿಂಗಳು ದಾಟಿದ ಮೇಲೆ ಯಾವತ್ತಾದ್ರೂ ಮರಿ ಕುಂಟಬಹುದು, ಈ ವಾರ ಎಡಗಾಲು, ಎರಡು ವಾರ ಬಿಟ್ಟು ಬಲಗಾಲು. ಶೆಫರ್ಡ್‌ಗಳಲ್ಲಿ ಪ್ಯಾನಾಸ್ಟಿಯೈಟಿಸ್ ಅನ್ನೋ ಬೆಳೆಯೋ ವಯಸ್ಸಿನ ಮೂಳೆ ನೋವು ತುಂಬಾ ಕಾಮನ್ನು, ಸುಮಾರು ಒಂದೂವರೆ ವರ್ಷದ ಹೊತ್ತಿಗೆ ತಾನಾಗೇ ಹೋಗುತ್ತೆ. ಆಗ ಎಲ್ರೂ ಮತ್ತೆ ಕ್ಯಾಲ್ಸಿಯಂ ಅಂತಾರೆ, ಕೊಡಬೇಡಿ. ಮನುಷ್ಯರ ನೋವಿನ ಮಾತ್ರೆ, ಬ್ರುಫೆನ್ ಡೋಲೋ ಅಂಥದ್ದು, ಖಂಡಿತ ಬೇಡ. ಎಕ್ಸ್‌ರೇ ತೆಗೆಸಿ ಅದೇನಾ ಇಲ್ಲಾ ಮೊಣಕೈ ಸೊಂಟದ ತೊಂದರೆನಾ ಅಂತ ನೋಡ್ಬೇಕು, ಹತ್ರದಲ್ಲಿ ಆಗ್ಲಿಲ್ಲ ಅಂದ್ರೆ ಬೆಂಗಳೂರಿನ ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಹೋಗಿ, ನಿಮಗೆ ಹೈವೇಲಿ ದೂರ ಏನಲ್ಲ.

ಹೊಸದೇನೇ ಶುರು ಮಾಡಿದ್ರೂ ಒಂದು ಸಲಕ್ಕೆ ಒಂದೇ ಐಟಂ, ಮೂರು ದಿನ ಕಕ್ಕಸು ನೋಡಿ ಆಮೇಲೆ ಇನ್ನೊಂದು. ಭೇದಿಲಿ ರಕ್ತ, ವಾಂತಿ, ಸುಸ್ತು ಇದ್ರೆ ಮೊಸರಿನ ಮೇಲೆ ತಪ್ಪು ಹಾಕಿ ಸುಮ್ನಿರಬೇಡಿ, ಪಾರ್ವೋ ಅನ್ನೋ ವೈರಸ್ ರೋಗ ಇರಬಹುದು, ಅವತ್ತೇ ತೋರಿಸಿ. ಊಟ 6 ತಿಂಗಳ ತನಕ ಮೂರು ಹೊತ್ತು, ಆಮೇಲೆ ಎರಡು ಹೊತ್ತು ಸಾಕು, ತಿಂದ ತಕ್ಷಣ ತೋಟದಲ್ಲಿ ಓಡಿಸ್ಬೇಡಿ. ಹದಿನೈದು ದಿನಕ್ಕೊಮ್ಮೆ ನೀವು ಮರಿನ ಎತ್ಕೊಂಡು ತೂಕದ ಮಷೀನ್ ಮೇಲೆ ನಿಂತು ನಿಮ್ಮ ತೂಕ ಕಳೆದು ಬರೆದಿಡಿ, ನಾನು ಕೊಟ್ಟ 1120 ಕ್ಯಾಲೊರಿ, 300 ಗ್ರಾಂ ಎಲ್ಲ 16 ಕೆಜಿಗೆ ಮಾತ್ರ, ತೂಕ ಬದಲಾದ ಹಾಗೆ ಪ್ಯಾಕೆಟ್ ಮೇಲಿನ ಚಾರ್ಟು ಮತ್ತೆ ಪಕ್ಕೆಲುಬು ಎರಡನ್ನೂ ನೋಡಿ ಹೊಸದಾಗಿ ಅಳತೆ ಹಾಕ್ಕೊಳ್ಳಿ.